ಅವ್ವ ಏಳದ ಭಾನುವಾರಗಳು

ಯುವಜನರ ಕೂಟದಲ್ಲಿ ‘ನಿಜವಾದ ಕ್ರೈಸ್ತ ಜೀವನದ ಗುಣಗಳು’ ಎಂಬ ವಿಷಯದ ಮೇಲೆ ಸ್ವಲ್ಪ ಹೊತ್ತು ಮಾತಾಡಬೇಕೆಂದು ನಮ್ಮ ಹೊಸಪೇಟೆಯ ಪಾಸ್ಟರ್ ಹೇಳಿ ಹೋಗಿದ್ದರು. ಧಾರವಾಡದಲ್ಲಿ ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಮಾಡುವವಳಿಗೆ ಇದೇನು ಕಷ್ಟ ಎಂಬುದು ಅವರ ಎಣಿಕೆ. ಪ್ರೀತಿ, ದೀನತೆ, ಕ್ಷಮೆ ಎಂದು ಬರೆದುಕೊಂಡೆ. ಕ್ಷಮೆಯ ಹತ್ತಿರ ಪೆನ್ನು ನಿಂತಿತು. ಅದಕ್ಕೆ ಹಿಂದಿನ ವರ್ಷವೆಲ್ಲ ನಮ್ಮ ಅವ್ವ ಕರ್ತನ ಭೋಜನಕ್ಕೆ ಎದ್ದಿರಲಿಲ್ಲ.

ತಿಂಗಳ ಮೊದಲ ಭಾನುವಾರ ನಮ್ಮ ಸಭೆಯವರು ಸಾಲುಸಾಲಾಗಿ ಮುಂದೆ ಹೋಗಿ, ಮೊಣಕಾಲೂರಿ, ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಯಾರ ಮೇಲಾದರೂ ಸಿಟ್ಟು ಇಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದು. ಅದಕ್ಕೇ ಒಂದು ರೂಢಿ ಬೆಳೆದಿತ್ತು: ಜಗಳವಾಡಿದವರಲ್ಲಿ ಒಬ್ಬರು ಹಿಂದಿನ ದಿನ, ಶನಿವಾರ ಸಂಜೆ, ಇನ್ನೊಬ್ಬರ ಮನೆಗೆ ಹೋಗಿ ಚಹಾ ಕುಡಿಯುವುದು. “ಏನಾರ ತಪ್ಪಾಗಿದ್ರ ಮನಸಿನ್ಯಾಗ ಇಟ್ಕೋಬ್ಯಾಡ್ರಿ” ಎಂದರೆ ಮುಗಿಯಿತು. ಕೆಲವರು ಸೋಮವಾರ ನಲ್ಲಿಯ ಹತ್ತಿರ ಮತ್ತೆ ಶುರು ಮಾಡುತ್ತಿದ್ದರು. “ಚಾಪುಡಿ ದಂಡ” ಎಂದು ಅವ್ವ ನಗುತ್ತಿದ್ದಳು.

ಅವ್ವನ ಸಿಟ್ಟು ಒಡಹುಟ್ಟಿದ ತಮ್ಮನ ಮೇಲೆ. ಸಂಡೂರಿನಲ್ಲಿ ನಮ್ಮ ಅಜ್ಜಿಯನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ಮಾಮನ ಹೊಲ. ಅದಿರಿಗೆ ಬೆಲೆ ಏರಿದ್ದೇ ಆ ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟ. ಈಸ್ಟರಿಗೆ ಮೊದಲು ಸಮಾಧಿಗಳಿಗೆ ಸುಣ್ಣ ಬಳಿಯುವುದು ನಮ್ಮಲ್ಲಿ ಪದ್ಧತಿ. ಅವ್ವ ಬಸ್ಸಿನಲ್ಲಿ ಹೋಗಿ ಬಳಿದು ಬಂದಿದ್ದಳು. ಈಸ್ಟರ್ ಬೆಳಿಗ್ಗೆ ನಾವು ಹೂವು ಹಿಡಿದು ಹೋದರೆ ಸಮಾಧಿ, ಶಿಲುಬೆ ಎಲ್ಲಾ ಅದಿರಿನ ಧೂಳು ಕೂತು ಇಟ್ಟಿಗೆ ಬಣ್ಣ.

“ಅವ್ವನ ಮ್ಯಾಲೆ ಲಾರಿ ಹಾಯ್ಸಿದಂಗ ಮಾಡಿದೆಲ್ಲೋ,” ಎಂದಳು ಅವ್ವ, ಅಲ್ಲೇ ನಿಂತಿದ್ದ ಮಾಮನಿಗೆ.

“ಬದುಕಿದ್ದಾಗೂ ಆಕಿ ಕೆಂಪು ಮಣ್ಣಾಗ ದುಡದಾಕಿ. ಕೆಂಪು ಆಕಿಗೇನು ಹೊಸದಾ ಅಕ್ಕ?” ಎಂದ ಮಾಮ. ನಗುತ್ತಾ ಹೇಳಿದನೆಂದು ನನ್ನ ನೆನಪು. ನಗಲೇ ಇಲ್ಲ ಎನ್ನುತ್ತಾಳೆ ಅವ್ವ.

ಸಂಡೂರಿನ ಚರ್ಚಿಗೆ ಹೊಸ ಚಾವಣಿ ಹಾಕಿಸಿದವನೂ ಇದೇ ಮಾಮ. ಆಳುಗಳಿಗೆ ಕಾಯಿಲೆಯಾದರೆ ತನ್ನ ಜೀಪಿನಲ್ಲೇ ಬಳ್ಳಾರಿಗೆ ಒಯ್ಯುತ್ತಿದ್ದ. ಒಳ್ಳೆಯ ವಿಶ್ವಾಸಿ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಅವ್ವ ಮಾತ್ರ ಜಮಖಾನೆಯ ಮೇಲೆ ತಲೆತುಂಬ ಸೆರಗು ಹೊದ್ದು ಕುಳಿತೇ ಇರುತ್ತಿದ್ದಳು. ಮುಂದೆ ಹೋಗುವ ಹೆಂಗಸರು ಅವಳನ್ನು ಬಳಸಿಕೊಂಡು ಹೋಗಬೇಕಾಗುತ್ತಿತ್ತು.

ಪಾಸ್ಟರ್ ಮನೆಗೆ ಬಂದರು. “ಕ್ಷಮಿಸೀನಿ ಅಂತ ಬಾಯಿಂದ ಅನ್ರಿ ಅಮ್ಮಾ. ಮನಸ್ಸು ಹಿಂದಿಂದ ಬರ್ತೈತಿ.”

“ಬಾಯಿಗೇನ್ರಿ, ಏನಾರ ಅಂತೈತಿ. ದೇವರ ಮುಂದ ಸುಳ್ಳು ಹೆಂಗ ಹೇಳ್ಲಿ?”

ಆ ಹೊತ್ತಿಗೆ ಅದು ನನಗೆ ಪ್ರಾಮಾಣಿಕತೆ ಎನಿಸಿತು. ಮರುದಿನ ಬಟ್ಟೆ ಒಣಹಾಕುವಾಗ ಬರೀ ಹಟ ಎನಿಸಿತು.

ಒಂದು ಶನಿವಾರ ಸಂಜೆ ಮಾಮನೇ ಬಂದ. ಜೀಪಿನ ಸದ್ದಿಗೆ ಓಣಿಯ ಬಾಗಿಲುಗಳು ತೆರೆದವು. ಅವ್ವ “ಕುಂದ್ರು” ಎಂದಳು. ಅವನಿಗೆ ಹಿಡಿಸುವ ಹಾಗೆ ಸಕ್ಕರೆ ಹೆಚ್ಚು ಹಾಕಿ ಚಹಾ ಕೊಟ್ಟಳು. “ಏನಾರ ತಪ್ಪಾಗಿದ್ರ…” ಎಂದು ಶುರು ಮಾಡಿದ ಮಾಮ “ರಸ್ತಿ ಭಾಳ ಕೆಟ್ಟೈತಿ ಅಕ್ಕ” ಎಂದು ಮುಗಿಸಿದ. ಆ ದಿನ ನಮ್ಮಲ್ಲೇ ಉಳಿದ. ಚಹಾ ಆಯಿತು, ರಾಜಿಯೂ ಆಯಿತು ಎಂದು ಸಭೆಯವರೆಲ್ಲ ತಿಳಿದರು.

ಬೆಳಗಾದರೆ ಮೊದಲ ಭಾನುವಾರ. ಪಕ್ಕದಲ್ಲಿ ಕುಳಿತ ಹೆಂಗಸು ಅವ್ವನ ಮೊಣಕೈ ತಿವಿದು, “ಏಳ್ರಿ ಇನ್ನ. ಚಾ ಕುಡಿಸೀರೆಲ್ಲ?” ಎಂದಳು.

“ಬಾಯಾರಿ ಬಂದಿದ್ದ, ಕುಡಿಸೀನಿ,” ಎಂದಳು ಅವ್ವ. ಏಳಲಿಲ್ಲ.

ಗಂಡಸರ ಸಾಲಿನಲ್ಲಿ ಮಾಮ ಆಗಲೇ ಮೊಣಕಾಲೂರಿದ್ದ. ತಿರುಗಿ ನೋಡಿದ. ಮುಂದಿನದು ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ಅದರ ಮೇಲೆ ಅನುಮಾನ. ಪಾಸ್ಟರ್ ತನ್ನ ಹತ್ತಿರ ಬರುವ ಮೊದಲೇ ಮಾಮ ಎದ್ದು, ರೊಟ್ಟಿ ತೆಗೆದುಕೊಳ್ಳದೆ ತನ್ನ ಜಾಗಕ್ಕೆ ಬಂದು ಕುಳಿತ. ಅವಮಾನವಾಯಿತೇ? ಸಿಟ್ಟು ಬಂತೇ? ಅಕ್ಕ ಒಬ್ಬಳೇ ಕುಳಿತಿದ್ದಾಳೆ ಎಂದು ಬಂದನೇ? ಅವನ ಮುಖ ನೋಡಿದೆ. ಬೆವರು ಬಿಟ್ಟರೆ ಏನೂ ಕಾಣಲಿಲ್ಲ.

ಊಟಕ್ಕೆ ಕುಳಿತಾಗ ಮಾಮ ಅಂದ: “ಇವತ್ತು ನಿಂದೂ ಉಪಾಸ, ನಂದೂ ಉಪಾಸ. ಅನ್ನ ಜಾಸ್ತಿ ಹಾಕಕ್ಕ.” ಅವ್ವ ನಗಲಿಲ್ಲ. ಅನ್ನ ಮಾತ್ರ ಜಾಸ್ತಿಯೇ ಹಾಕಿದಳು.

ಮುಂದಿನ ಈಸ್ಟರ್ ಹತ್ತಿರ ಬಂದಾಗಲೂ ಅದಿರಿನ ರಾಶಿ ಅಲ್ಲೇ ಇತ್ತು, ಬಾಡಿಗೆಯ ಕರಾರು ಮುಗಿದಿರಲಿಲ್ಲ. ಸುಣ್ಣದ ಬಕೆಟ್ ಹಿಡಿದು ಮಾಮ ಸಮಾಧಿಯ ಹತ್ತಿರ ನಮಗಿಂತ ಮೊದಲೇ ನಿಂತಿದ್ದ. ಅವ್ವ ಬಳಿದಳು. ಆರುವ ಮೊದಲೇ ಲಾರಿಯೊಂದು ಹಾದುಹೋಗಿ ಧೂಳು ಕೂತಿತು.

“ಇನ್ನೊಂದು ಕೈ ಹೊಡಿಯಕ್ಕ.”

“ನೀ ಹೊಡಿ. ನಿನಗೂ ಅವ್ವನ ಆಕಿ.”

ಮಾಮ ಇಸ್ತ್ರಿ ಅಂಗಿಯಲ್ಲೇ ಕುಕ್ಕರಗಾಲಲ್ಲಿ ಕುಳಿತು ಬಳಿದ. ಅದರ ನಂತರದ ಮೊದಲ ಭಾನುವಾರ ಅವ್ವ ಎದ್ದಳು. ಮುಂದೆ ಹೋಗಿ ಅಂಗೈ ಚಾಚಿದಳು. ಸುಣ್ಣ ತಿಂದ ಬೆರಳುಗಳು ಇನ್ನೂ ಒಡೆದೇ ಇದ್ದವು.

ಮನೆಗೆ ಬಂದು ಕೇಳಿದೆ: “ಕ್ಷಮಿಸಿದೇನವ್ವ?”

“ಗೊತ್ತಿಲ್ಲ.”

“ಮತ್ಯಾಕ ಎದ್ದಿ?”

“ಅಂವ ಆವತ್ತು ರೊಟ್ಟಿ ಬಿಟ್ಟು ತಿರುಗಿ ಬಂದು ಕುಂತಿದ್ದು ಕಣ್ಮುಂದ ಬಂತು. ಕಾಲು ಎದ್ವು. ನೀ ಓದಿದಾಕಿ, ನೀನ ಹೇಳು.”

ಯುವಜನರ ಕೂಟದಲ್ಲಿ ಪ್ರೀತಿ, ದೀನತೆ ಎರಡನ್ನೂ ಹೇಗೋ ಮುಗಿಸಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಎದುರಿಗಿದ್ದ ಹುಡುಗಿ ಕೇಳಿದಳು: “ಅಂಥಾ ಗುಣ ಇದ್ದೋರ್ನ ನೀವು ನೋಡೀರೇನ್ರಿ ಮಿಸ್?”

“ನೋಡೀನಿ ಅನಸ್ತೈತಿ.”

“ಯಾರ್ರಿ?”

ಅವ್ವನ ಹೆಸರು ಬಾಯಿಗೆ ಬಂತು. ಅದರ ಬೆನ್ನಿಗೇ ಮಾಮನದೂ ಬಂತು. ಬರೆದುಕೊಂಡ ಹಾಳೆ ಮಡಚಿ ಕುಳಿತುಬಿಟ್ಟೆ.