ಕಾಲಿನ ಹೆಬ್ಬೆರಳಿಗೆ ಕಟ್ಟಿದ ಹುರಿ

ಹನೂರಿನ ಪುಟ್ಟಸಿದ್ದಯ್ಯನನ್ನು ವೀರ ಅನ್ನುವವರಿದ್ದಾರೆ. ಸುಳ್ಳು. ಅವನಷ್ಟು ಪುಕ್ಕಲ ಗಂಡಸನ್ನು ನಾನು ಕಂಡಿಲ್ಲ. ನಮ್ಮ ಗೇಣಿ ರೈತರ ಸಂಘದ ಸಭೆಯಲ್ಲಿ ಎದೆ ತಟ್ಟಿಕೊಂಡವರೇ ಪೊಲೀಸ್ ವ್ಯಾನು ಕಂಡರೆ ಕಬ್ಬಿನ ಗದ್ದೆಗೆ ಬೀಳುತ್ತಿದ್ದರು, ಅದು ಬೇರೆ ಮಾತು. ಇವನು ಹೆದರಿಕೆಯನ್ನು ಮುಚ್ಚಿಡುತ್ತಿರಲಿಲ್ಲ. ಮುಚ್ಚಿಡಲು ಅವನಿಗೆ ಮಾತೇ ಇರಲಿಲ್ಲ.

ಮೂರನೇ ವರ್ಷದಲ್ಲಿ ಬಂದ ಜ್ವರ ಎರಡೂ ಕಿವಿ ಕಿತ್ತುಕೊಂಡು ಹೋಯಿತು. ಹಿಂದೆಯೇ ನಾಲಿಗೆಯೂ ನಿಂತಿತು. ಊರು ಅವನನ್ನು ಮೂಗ ಅಂತಲೇ ಕರೆಯಿತು. ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಅಪ್ಪ ಅವನನ್ನು ಕೊಳ್ಳೇಗಾಲದಲ್ಲಿ ಪಟ ತೆಗೆಯುವ ಗುರುಪಾದಸ್ವಾಮಿಯ ಮುಂದೆ ನಿಲ್ಲಿಸಿದ.

"ಕಿವಿ ಕೇಳ್ದೋನು ಪಟ ತೆಗಿಯಾಕೆ ಅಡ್ಡಿ ಏನಾರ ಐತಾ ಸಾ?"

"ಅಡ್ಡಿ ಏನಿಲ್ಲ ಕಣಯ್ಯ. ನನ್ನ ಬೈಗುಳ ಇವನಿಗೆ ದಂಡ ಆಯ್ತದಲ್ಲಾ ಅಂತ ಬೇಜಾರು."

ಕೆಲಸ ಕೈಗೆ ಹತ್ತಿತು. ಆದರೆ ಕತ್ತಲೆಂದರೆ ಅವನಿಗೆ ಜೀವಭಯ. ನಮಗೆ ದೀಪ ಆರಿದರೂ ಪಕ್ಕದವರ ಕೆಮ್ಮು ಕೇಳುತ್ತದೆ. ಅವನಿಗೆ ದೀಪ ಆರಿದರೆ ಲೋಕವೇ ಇಲ್ಲ. ದಿನಾ ದೀಪ ಉರಿಸಿಕೊಂಡೇ ಮಲಗುತ್ತಿದ್ದ. ಅಂಥವನಿಗೆ ಸಿಕ್ಕಿದ ಕಸುಬು ನೋಡಿ: ಕ್ಯಾಮರಾದ ಫಿಲ್ಮ್ ರೋಲು ತೊಳೆಯಬೇಕಾದರೆ ಒಂದು ಎಳೆ ಬೆಳಕೂ ಬರದ ಕೋಣೆಯೊಳಗೆ ಬಾಗಿಲು ಹಾಕಿಕೊಳ್ಳಬೇಕು.

ಉಪಾಯ ಹುಡುಕಿದವಳು ಹೆಂಡತಿ ಪುಟ್ಟಗೌರಮ್ಮ. ಹನೂರಿನಲ್ಲಿ ಅಂಗಡಿ ಇಟ್ಟ ಮೇಲೆ, ಅವನು ಕತ್ತಲ ಕೋಣೆಗೆ ಹೋಗುವಾಗ ಕಾಲಿನ ಹೆಬ್ಬೆರಳಿಗೆ ಗೋಣಿ ಹೊಲಿಯುವ ಹುರಿ ಕಟ್ಟುತ್ತಿದ್ದಳು. ಹುರಿಯ ಇನ್ನೊಂದು ತುದಿ ಬಾಗಿಲ ಕೆಳಗಿಂದ ಹೊರಗೆ, ಅವಳ ಕೈಯಲ್ಲಿ. ಒಂದು ಸಲ ಎಳೆದರೆ, ಇದ್ದೀನಿ. ಎರಡು ಸಲ, ಗಿರಾಕಿ ಬಂದವ್ರೆ. ಮೂರು ಸಲ, ಬಾಗಿಲು ತೆಗೀಬೇಡ. ಕೆಲಸವಿಲ್ಲದಿದ್ದರೂ ಅವಳು ಆಗಾಗ ಒಂದು ಸಲ ಎಳೆಯುತ್ತಿದ್ದಳು. ಲೋಕ ಇನ್ನೂ ಹೊರಗಿದೆ ಅಂತ ಅವನಿಗೆ ಗೊತ್ತಾಗಲಿ ಎಂದು.

ರೋಲಿಗೆ ಹನ್ನೆರಡು ಪಟ. ಮದುವೆಗೆ ಹತ್ತು ಸಾಕು, ಉಳಿದೆರಡು ಅವನವು. ಆ ಎರಡರಲ್ಲಿ ಅವನು ತೆಗೆಯುತ್ತಿದ್ದದ್ದು ಬರೀ ತೆರೆದ ಬಾಯಿ. ಸಂತೆಯಲ್ಲಿ ಕೂಗುವವಳದು, ಬೊಗಳುವ ನಾಯಿಯದು, ಹೆಣದ ಮುಂದೆ ಅಳುವವಳದು. ತನಗೆ ತಲುಪದ ಸದ್ದು ಹೊರಟ ಜಾಗವನ್ನು ಹಿಡಿದಿಡುತ್ತಿದ್ದ. ಒಂದು ತಗಡಿನ ಪೆಟ್ಟಿಗೆ ತುಂಬ ಬಾಯಿಗಳೇ ಇದ್ದವು.

ಎಪ್ಪತ್ತನಾಲ್ಕರಲ್ಲಿ ಗೇಣಿ ಮಾಡುವವನಿಗೇ ಭೂಮಿ ಎಂಬ ಕಾನೂನು ಬಂತು. ನಮ್ಮ ಶಿವನಂಜಯ್ಯ ಸಾವ್ಕಾರ ರುದ್ರಸ್ವಾಮಿಯ ಹೊಲವನ್ನು ಇಪ್ಪತ್ತು ವರ್ಷದಿಂದ ಮಾಡಿಕೊಂಡು, ಅಲ್ಲೇ ಗುಡಿಸಲು ಹಾಕಿಕೊಂಡಿದ್ದ. ಅರ್ಜಿ ಕೊಟ್ಟ. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಇದ್ದ ಒಂದೇ ಸಾಕ್ಷಿ ಆ ಗುಡಿಸಲು.

ಪುಟ್ಟಸಿದ್ದಯ್ಯ ಮಾರ್ಟಳ್ಳಿಯ ಮದುವೆ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ. ಹೊಲದಲ್ಲಿ ಟ್ರ್ಯಾಕ್ಟರು ಗುಡಿಸಲಿಗೆ ನುಗ್ಗುತ್ತಿತ್ತು. ಅದರ ಮುಂದೆ ಸಾವ್ಕಾರ ಕೈಯೆತ್ತಿ, ಬಾಯಿ ತೆರೆದು ನಿಂತಿದ್ದ. ಅಂಥ ಬಾಯಿ ಮತ್ತೆ ಸಿಗುತ್ತದಾ? ಕ್ಯಾಮರಾ ಎತ್ತಿ ಒತ್ತಿದ. ಒತ್ತಿದ ಮೇಲೆ ಆ ಬಾಯಿ ಇವನ ಕಡೆ ತಿರುಗಿತು.

ಕಿವಿಯಿದ್ದವನು ಮುಂದೆ ನೋಡಿಕೊಂಡು ಓಡುತ್ತಾನೆ. ಇವನು ಹಿಂದೆ ತಿರುಗಿ ತಿರುಗಿ ನೋಡುತ್ತಾ ತುಳಿದ, ಎರಡು ಸಲ ಹಳ್ಳಕ್ಕೆ ಬಿದ್ದ. ಅಂಗಡಿಗೆ ಬಂದು ಕೈಸನ್ನೆಯಲ್ಲಿ ಎಲ್ಲ ಹೇಳಿದ. ಪುಟ್ಟಗೌರಮ್ಮ ಅವನ ಕಾಲಿಗೆ ಹುರಿ ಬಿಗಿದು ಕತ್ತಲ ಕೋಣೆಗೆ ತಳ್ಳಿದಳು.

ರೋಲಿನ ಎರಡೂ ತುದಿ ಹಿಡಿದು, ಬೋಸಿಗೆ ಸುರಿದ ಪಟ ತೊಳೆಯುವ ಮದ್ದಿನಲ್ಲಿ ಮೇಲೆ ಕೆಳಗೆ ಆಡಿಸುತ್ತಾ ಎಣಿಸಬೇಕು. ಎಣಿಕೆ ಮುಗಿಯುವ ಮುಂಚೆ ಬೆಳಕು ಬಿದ್ದರೆ ಎಲ್ಲವೂ ಕಪ್ಪು. ನೂರರ ಹತ್ತಿರ ಹುರಿ ಮೂರು ಸಲ ಎಳೆಯಿತು. ಅವನು ಎಣಿಕೆ ಬಿಡಲಿಲ್ಲ. ಆಮೇಲೆ ಒಂದು ಎಳೆತ ಬಂತು. ಹೆಬ್ಬೆರಳ ಚರ್ಮ ಕಿತ್ತು, ಮೊಣಕಾಲು ಮೇಜಿಗೆ ಬಡಿಯಿತು. ಅದು ಅವಳ ಕೈಯಲ್ಲ. ಮರುಕ್ಷಣ ಹುರಿ ಸಡಿಲವಾಯಿತು. ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಹುರಿ ಬಂತು, ಬರುತ್ತಲೇ ಇತ್ತು, ಪೂರ್ತಿ ಬಂದುಬಿಟ್ಟಿತು. ಆ ತುದಿಯಲ್ಲಿ ಯಾರೂ ಇರಲಿಲ್ಲ.

ಅವಳನ್ನು ಕೊಂದರು ಅಂದುಕೊಂಡ. ಬಾಗಿಲು ತೆಗೆಯಬೇಕು, ಕಾಲು ಏಳಲಿಲ್ಲ. ಪಂಚೆ ಒದ್ದೆಯಾಯಿತು. ಕೈ ಮಾತ್ರ ತಾನಾಗಿ ಏಳುತ್ತಿತ್ತು, ಬೀಳುತ್ತಿತ್ತು.

ಹೊರಗೆ ನಡೆದದ್ದನ್ನು ಪುಟ್ಟಗೌರಮ್ಮ ಹೇಳಬೇಕು, ನಾವು ಕೇಳಬೇಕು. ಬಂದವನು ಸಾವ್ಕಾರನ ಆಳು ಮಾದಸ್ವಾಮಿ. ಜೊತೆಗೆ ಇನ್ನಿಬ್ಬರು.

"ಎಲ್ಲಮ್ಮಿ ಮೂಗ?"

"ಯಳಂದೂರ್ಗೆ ಓದ್ರು, ಮದ್ವೆ ಪಟಕ್ಕೆ."

"ಸೈಕಲ್ಲು ಇಲ್ಲೇ ಅದಲ್ಲ?"

"ಬಸ್ಸಲ್ಲಿ ಓದ್ರು. ಯಳಂದೂರ್ಗಂಟ ತುಳಿಯಾಕೆ ಅವ್ರೇನು ನಿಮ್ಮ ಸಾವ್ಕಾರ್ರ ಎತ್ತಾ?"

ಮಾದಸ್ವಾಮಿಗೆ ಹುರಿ ಕಂಡಿತು. ಹಿಡಿದು ಜಗ್ಗಿದ. ಇನ್ನೊಂದು ಸಲ ಜಗ್ಗಿದರೆ ಗಂಡ ಬೋಸಿ ಸಮೇತ ಬೀಳುತ್ತಾನೆ ಅಂತ ಅವಳು ಪಟದ ಅಂಚು ಕತ್ತರಿಸುವ ಬ್ಲೇಡಿನಿಂದ ಹುರಿ ಕೊಯ್ದಳು. ಮುಖಕ್ಕೆ ಏಟು ಬಿತ್ತು. ಅಷ್ಟರಲ್ಲಿ ಒಳಗೆ ಬೋಸಿ ಮೇಜಿಗೆ ತಗಲಿ ಠಣ್ ಅಂದಿತು. ಸದ್ದು ಮಾಡಿದವನಿಗೆ ಸದ್ದಾದದ್ದು ಗೊತ್ತಿಲ್ಲ.

"ಒಳಗ್ಯಾರು?"

"ಯಾರೂ ಇಲ್ಲ, ಆಸಿಡ್ಡು ಕುದೀತಾ ಅದೆ. ಬಾಗ್ಲು ತೆಗೆದ್ರೆ ಒಗೆ ಮಕಕ್ಕೇ ಒಡೀತದೆ. ನಮ್ಮ ಯಜಮಾನ್ರ ಕಿವಿ ಇನ್ನೆಂಗೋಯ್ತು ಅಂದ್ಕಂಡೆ?"

ಮಾದಸ್ವಾಮಿಯ ಕೈ ಚಿಲಕದಿಂದ ತಾನಾಗಿ ಕೆಳಗಿಳಿದು ಕಿವಿಗೆ ಹೋಯಿತಂತೆ. ಅಂಗಡಿ ಮೇಜಿನ ಮೇಲಿದ್ದ ಖಾಲಿ ಕ್ಯಾಮರಾ ಎತ್ತಿಕೊಂಡ.

"ಪಟ ಇದ್ರೊಳ್ಗೆ ತಾನೆ ಇರದು?"

"ಇನ್ನೆಲ್ಲಿದ್ದದು?"

ಹೊರಟುಹೋದರು. ಎಣಿಕೆ ಮುಗಿಸಿ, ನೀರು ತೊಟ್ಟಿಕ್ಕುವ ರೋಲು ಹಿಡಿದು ಪುಟ್ಟಸಿದ್ದಯ್ಯ ಬಾಗಿಲು ತೆಗೆದ. ಅವಳು ಹೊಸ್ತಿಲ ಮೇಲೆ ಕೂತಿದ್ದಳು, ತುಟಿ ಒಡೆದಿತ್ತು. ಅವನು ಅವಳ ಮುಖ ಮುಟ್ಟಿ ಮುಟ್ಟಿ ನೋಡಿದ. "ಬಂದ್ರಾ ದೊರೆಗಳು?" ಅಂದಳು.

ಭೂ ನ್ಯಾಯಮಂಡಳಿಯ ಮುಂದೆ ರುದ್ರಸ್ವಾಮಿ, ಅಲ್ಲಿ ಗುಡಿಸಲೇ ಇರಲಿಲ್ಲ, ಕೆಡವಿದರು ಅನ್ನುವ ದಿನ ತಾನು ಮೈಸೂರಿನಲ್ಲಿದ್ದೆ ಅಂದ. ನಾವು ಪಟ ಇಟ್ಟೆವು. ಮುರಿಯುತ್ತಿರುವ ಗುಡಿಸಲು, ಅದರ ಮುಂದೆ ಸಾವ್ಕಾರ, ದವಡೆ ಹಲ್ಲು ಎಣಿಸುವಷ್ಟು ತೆರೆದ ಬಾಯಿ. ಆಮೇಲೆ ಆ ಬಾಯಿ ತೆರೆಯಲಿಲ್ಲ. ಮರುವರ್ಷ ಹೊಲ ಶಿವನಂಜಯ್ಯನದಾಯಿತು. ಕ್ಯಾಮರಾ ಮಾತ್ರ ವಾಪಸು ಬರಲಿಲ್ಲ.

ಕೊಳ್ಳೇಗಾಲದ ಸಭೆಯಲ್ಲಿ ಅವನಿಗೆ ಹಾರ ಹಾಕಿ ಧೀರ, ಶೂರ ಅಂತ ಹೊಗಳಿದೆವು. ಅವನು ಎದ್ದು ಬೇಡ ಬೇಡ ಅಂತ ಕೈಯಾಡಿಸಿ, ಪಂಚೆ ತೋರಿಸಿ ಏನೋ ಸನ್ನೆ ಮಾಡಿದ. ಪುಟ್ಟಗೌರಮ್ಮ ಮೈಕಿಗೆ ಬಾಯಿಟ್ಟು ಹೇಳಿದಳು: "ಒಳಗೆ ಉಚ್ಚೆ ಉಯ್ಕಂಡಿದ್ದೆ ಅಂತಾವ್ರೆ."

ಸಭೆಗೆ ಸಭೆಯೇ ಬಾಯಿ ತೆರೆದು ನಕ್ಕಿತು. ಅವನು ಗುರುಪಾದಸ್ವಾಮಿಯಿಂದ ಎರವಲು ತಂದಿದ್ದ ಕ್ಯಾಮರಾ ಎತ್ತಿ ಒತ್ತಿದ. ಆ ಪಟ ನನ್ನ ಹತ್ತಿರ ಇದೆ. ಒಂದು ಮುಖವೂ ನೆಟ್ಟಗಿಲ್ಲ, ಎಲ್ಲ ಅಲುಗಿಹೋಗಿದೆ. ಅಷ್ಟು ಜನರನ್ನು ಒಟ್ಟಿಗೆ ಕಂಡು ಅವನ ಕೈ ನಡುಗಿತ್ತು.