ಪಾದ್ರಿ ಓದದ ವಚನ

ಹೊಲಿಗೆ ಕಾರ್ಖಾನೆಯ ಚೆಕಿಂಗ್ ಮೇಜಿನ ಅಕ್ಕ ಒಳಮೈ ತಿರುವಿ ನೋಡದೆ ಒಂದು ಅಂಗಿಯನ್ನೂ ಪಾಸು ಮಾಡಿದವಳಲ್ಲ. ಮುಷ್ಕರಕ್ಕೆ ಸೇರಲೋ ಬೇಡವೋ ಎಂದು ಅವಳು ಹೊಯ್ದಾಡುತ್ತಿದ್ದ ವಾರವೇ ಚರ್ಚಿನಲ್ಲಿ ಪಾದ್ರಿ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಬೈಬಲ್ ವಚನ ಓದಿದರು. ಅವಳಿಗೆ ಗುಮಾನಿ ಹುಟ್ಟಿತು. ಅನುವಾದ ಮಾಡಿದವರೇ ಮಾಲೀಕರ ಕಡೆಯವರಿರಬೇಕೆಂದು ಊಟದ ಬಿಡುವಿನಲ್ಲಿ ಫೋನಿನಲ್ಲಿ ನಾಲ್ಕು ಅನುವಾದ ತೆರೆದು ಸಾಲಿಗೆ ಸಾಲು ತಾಳೆ ನೋಡಿದಳು. ನಾಲ್ಕರಲ್ಲೂ ಆ ಮಾತಿತ್ತು. ಆದರೆ ನಾಲ್ಕರಲ್ಲೂ ಸ್ವಲ್ಪ ಕೆಳಗೆ, ಯಜಮಾನರು ದಾಸರನ್ನು ಬೆದರಿಸಕೂಡದು ಎಂದೂ ಇತ್ತು. ಪಾದ್ರಿ ಅದನ್ನು ಓದಿರಲೇ ಇಲ್ಲ.

"ಹೊತ್ತಾಗಿತ್ತೇನೋ ಬಿಡಕ್ಕ, ಪಾಪ," ಎಂದಳು ಸಂಘದ ಮುಷ್ಕರದ ಪಟ್ಟಿ ಹಿಡಿದಿದ್ದ ಗೆಳತಿ.

"ಹೊತ್ತಾ? ಚರ್ಚಿಗೆ ಬೆಂಚು ಕೊಟ್ಟ ಮಾಲೀಕನ್ನ ಹೊಗಳೋಕೆ ಅರ್ಧ ಗಂಟೆ ಇತ್ತಲ್ಲೇ! ನನ್ನ ಹೆಸ್ರೂ ಬರ್ಕೋ."