ಬೆರಳಿಗೆ ಮಾತ್ರ ಗೊತ್ತಿದ್ದ ಪಾಸ್‌ವರ್ಡ್

ನನ್ನ ಕಂಪ್ಯೂಟರಿನ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಮರೆತಿದ್ದೇನೆ ಎಂದೂ ಹೇಳಲಾರೆ. ಮರೆಯಬೇಕಾದರೆ ಒಂದು ಕಾಲಕ್ಕೆ ಗೊತ್ತಿರಬೇಕು. ಹಾಗೆ ಗೊತ್ತಿದ್ದ ಕಾಲ ಯಾವುದೆಂದು ನೆನಪಿಲ್ಲ. ಆದರೂ ದಿನಾ ಬೆಳಿಗ್ಗೆ ಅದನ್ನು ತೆರೆಯುತ್ತೇನೆ. ಕಾಫಿ ಲೋಟವನ್ನು ಮೇಜಿನ ಎಡಗಡೆ ಇಟ್ಟು, ಸ್ವಿಚ್ ಒತ್ತಿ, ಅದು ಗೊರಗೊರ ಸದ್ದು ಮಾಡುತ್ತ ಎಚ್ಚರಗೊಳ್ಳುವ ತನಕ ಕಿಟಕಿಯಾಚೆ ನೋಡುತ್ತ ಕೂರುತ್ತೇನೆ. ಹಾಲಿನ ಕ್ಯಾನಿನ ಸೈಕಲ್ ಹೋಗುತ್ತದೆ, ಎದುರು ಮನೆಯವರು ಅಂಗಳಕ್ಕೆ ನೀರು ಹಾಕುತ್ತಾರೆ. ಅಷ್ಟರಲ್ಲಿ ಬೆರಳುಗಳು ಏನನ್ನೋ ಕುಟ್ಟಿ ಮುಗಿಸಿರುತ್ತವೆ. ಏನು ಕುಟ್ಟಿದವು ಎಂದು ನಾನು ಕೇಳುವುದಿಲ್ಲ, ಅವು ಹೇಳುವುದೂ ಇಲ್ಲ.

ನಮ್ಮ ಶಿಕಾರಿಪುರದಲ್ಲಿ ಕಂಪ್ಯೂಟರ್ ಅಂಗಡಿಗಳಿಗೇನೂ ಬರವಿಲ್ಲ. ಆದರೆ ನನ್ನದನ್ನು ಹೊತ್ತುಕೊಂಡು ಹೋದರೆ ಅಂಗಡಿಯವರ ಮುಖದಲ್ಲಿ ಒಂದು ಗೌರವ ಮೂಡುತ್ತದೆ, ವಯಸ್ಸಾದವರನ್ನು ಕಂಡು ಕುರ್ಚಿ ಬಿಟ್ಟುಕೊಡುವಾಗ ಮೂಡುವಂಥದು. ಒಬ್ಬರಂತೂ ಕೈ ಮುಗಿದು, “ಸಾರ್, ಇದನ್ನ ಮ್ಯೂಸಿಯಂನವ್ರು ನೋಡಿದ್ರೆ ನಿಮ್ಮನ್ನೂ ಸೇರಿಸಿ ಕರ್ಕೊಂಡು ಹೋಗ್ತಾರೆ ನೋಡ್ರಿ” ಅಂದರು. ಸುತ್ತ ನೋಡಿದರೆ ನಾನೊಬ್ಬನೇ ಅಲ್ಲ ಎಂಬ ಸಮಾಧಾನವಿದೆ. ಪೇಟೆಯ ಅಂಗಡಿಯೊಂದರಲ್ಲಿ ಇವತ್ತಿಗೂ ಕಿರ್ರೆಂದು ಕಿರುಚುತ್ತ ಬಿಲ್ ಮುದ್ರಿಸುವ ಪ್ರಿಂಟರ್ ಇದೆ. ಅದರ ಸದ್ದು ಕೇಳಿದರೆ ಮಾತ್ರ ಗಿರಾಕಿಗೆ ವ್ಯವಹಾರ ಮುಗಿದ ನಂಬಿಕೆ. ಗೆಳೆಯರೊಬ್ಬರು ಹೊಟ್ಟೆ ಉಬ್ಬಿದ ಹಳೆಯ ಮಾನಿಟರನ್ನು ಬಿಟ್ಟುಕೊಡುವುದಿಲ್ಲ. ಚಳಿಗಾಲದಲ್ಲಿ ಬೆಕ್ಕು ಮಲಗಲು ಅದರ ನೆತ್ತಿಯಷ್ಟು ಬೆಚ್ಚನೆಯ ಜಾಗ ಅವರ ಮನೆಯಲ್ಲಿ ಬೇರೆ ಇಲ್ಲವಂತೆ. ಹೊಟ್ಟೆಯೊಳಗೆ ಚೆಂಡಿದ್ದ ಮೌಸನ್ನು ಬಿಚ್ಚಿ, ಉರುಳೆಗೆ ಮೆತ್ತಿದ ಕೊಳೆಯನ್ನು ಉಗುರಿನಲ್ಲಿ ಕೆರೆದು ತೆಗೆಯುವ ಸುಖವನ್ನು ಇಂದಿನವರಿಗೆ ಹೇಗೆ ವಿವರಿಸುವುದು?

ನನ್ನ ಕಂಪ್ಯೂಟರನ್ನು ಜೋಡಿಸಿದವನು ಸೊರಬದಲ್ಲಿ ಅಂಗಡಿ ಇಟ್ಟಿರುವ ನಾಗರಾಜ. ಹೆಂಡತಿ ಶೈಲಾಳ ತವರು ಅಲ್ಲೇ ಹತ್ತಿರದ ಉಳವಿ. ನಾಗರಾಜನೂ ಅದೇ ಊರಿನವನಾದ್ದರಿಂದ ಅವಳು ಅವನಿಗೆ ಶೈಲಕ್ಕ, ನಾನು ಭಾವ. ಸಂಬಂಧ ಇಷ್ಟು ಹತ್ತಿರವಾದ ಮೇಲೆ ಗ್ಯಾರಂಟಿ ಕೇಳುವುದು ಮರ್ಯಾದೆಯಲ್ಲ. ಹೀಗಾಗಿ ಅವನು ಒಂದೊಂದೇ ಭಾಗ ಬದಲಿಸುತ್ತ ಬಂದ. ಮೊದಲು ಮಾನಿಟರ್ ಹೋಯಿತು, ಆಮೇಲೆ ಫ್ಯಾನು, ಮದರ್‌ಬೋರ್ಡು. ಒಂದು ಮಳೆಗಾಲದಲ್ಲಿ ಇಲಿ ಹೊಕ್ಕು ವೈರು ಕಡಿದ ಮೇಲೆ ಡಬ್ಬವೂ ಹೋಯಿತು. ಮೊದಲಿನಿಂದ ಉಳಿದದ್ದು ಹಾರ್ಡ್ ಡಿಸ್ಕ್ ಮತ್ತು ಕೀಬೋರ್ಡ್ ಎರಡೇ.

“ಅದೇ ಕಂಪ್ಯೂಟರು, ಅದೇ ಕಂಪ್ಯೂಟರು ಅಂತೀರಲ್ಲ ಮಾರಾಯ್ರೆ, ಅದ್ರಲ್ಲಿ ಅದೇ ಅನ್ನೋದು ಎಂತ ಉಳಿದಿದೆ?” ಎಂದು ಶೈಲಾ ಕೇಳುತ್ತಿದ್ದಳು. ಅವಳ ಬಾಯಲ್ಲಿ ಅದರ ಹೆಸರು ‘ಡಬ್ಬ’.

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದ ತಪ್ಪಿಗೆ ನಾನು ಇಂಥ ಪ್ರಶ್ನೆಗೆ ಉತ್ತರ ಕೊಡದೆ ಇರಲಾರೆ. ಸಂಜೆ ಹಚ್ಚಿದ ದೀಪದ ಜ್ವಾಲೆ ಬೆಳಗಿನ ಜಾವಕ್ಕೂ ಅದೇ ಜ್ವಾಲೆಯೇ ಎಂದು ಬೌದ್ಧರು ಕೇಳಿದ್ದರು. ನೋಡಿದೊಡನೆ ‘ಇದು ಅದೇ’ ಎಂದು ಗುರುತು ಹತ್ತುತ್ತದಲ್ಲ, ಅದೇ ಸಾಕ್ಷಿ ಎಂದರು ಎದುರು ಪಕ್ಷದವರು. ಇಷ್ಟು ಹೇಳಿ ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಶೈಲಾ ಒಳಗೆ ಹೋಗಿ ಒಗ್ಗರಣೆ ಹಾಕಿರುತ್ತಾಳೆ. ನಿಜ ಹೇಳಬೇಕೆಂದರೆ ನನ್ನನ್ನು ಕಾಡುವುದು ಬೇರೆ ಮಾತು. ನೆನಪನ್ನು ನ್ಯಾಯದರ್ಶನದ ನೈಯಾಯಿಕರು ನಂಬಬಹುದಾದ ಪ್ರಮಾಣವೆಂದೇ ಒಪ್ಪುವುದಿಲ್ಲ. ಓದುವಾಗ ಇದು ಪರೀಕ್ಷೆಗೆ ಬರುವ ಪ್ರಶ್ನೆಯಾಗಿತ್ತು. ಈಗ, ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುವ ವಯಸ್ಸಿನಲ್ಲಿ, ಅವರು ನನ್ನನ್ನು ನೋಡಿಯೇ ಬರೆದಿದ್ದಾರೆ ಅನಿಸುತ್ತದೆ.

ಆ ಹಾರ್ಡ್ ಡಿಸ್ಕಿನಲ್ಲಿ ಒಂದು ಚಿಕ್ಕ ವಿಡಿಯೊ ಇತ್ತು. ಮಾವನವರು, ಎಂದರೆ ಶೈಲಾಳ ಅಪ್ಪ, ಉಳವಿಯ ಕೆರೆ ಏರಿಯ ಮೇಲೆ ನಮ್ಮ ಮಗಳಿಗೆ ಸೈಕಲ್ ಕಲಿಸುತ್ತಿರುವುದು. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಫೋಟೊ ಎಂದರೆ ಉಸಿರು ಬಿಗಿಹಿಡಿದು ನಿಲ್ಲುವ, ಫೋನಿನಲ್ಲಿ ‘ಹೂಂ’ ಬಿಟ್ಟು ಬೇರೆ ಮಾತಾಡದ ಮನುಷ್ಯ. ಆ ವಿಡಿಯೊ ತೆಗೆದವನು ನಾನು. ಸಹೋದ್ಯೋಗಿಯೊಬ್ಬರಿಂದ ಎರವಲು ತಂದ ಕ್ಯಾಮೆರಾ; ಅದರ ಪಟ್ಟಿ ಬೆವರಿಗೆ ಅಂಟುತ್ತಿದ್ದದ್ದು, ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿದ್ದದ್ದು, ಎಲ್ಲ ನೆನಪಿದೆ. ಶೈಲಾ ಆಗ ಮನೆಯೊಳಗೆ ಕಡುಬು ಬೇಯಿಸುತ್ತಿದ್ದಳು. ಇದನ್ನು ಅವಳೇ ಹೇಳುತ್ತಾಳೆ. ಬಂದವರಿಗೆಲ್ಲ ನಾವಿಬ್ಬರೂ ಈ ಕಥೆ ಹೇಳಿದ್ದೇವೆ, ಆದರೆ ವಿಡಿಯೊವನ್ನೇ ತೆಗೆದು ನೋಡಿ ಬಹಳ ಕಾಲವಾಗಿತ್ತು. ಇನ್ನೊಂದು ಪ್ರತಿ ಮಾಡಿಡುವ ಕೆಲಸವನ್ನಂತೂ ಎಷ್ಟೋ ವರ್ಷದಿಂದ ನಾಳೆಗೆ ಇಟ್ಟುಕೊಂಡಿದ್ದೆವು. ಮಾವ ತೀರಿಕೊಂಡ ಮೇಲೆ ಬರುವ ಮೊದಲ ಪುಣ್ಯಸ್ಮರಣೆ ಈ ಸಲ ದೀಪಾವಳಿ ಕಳೆದ ಮೇಲಿತ್ತು. ಅಂದು ಎಲ್ಲರೂ ಸೇರಿದಾಗ ಅಪ್ಪನ ದನಿ ಕೇಳಿಸಬೇಕೆಂದು ಶೈಲಾ ಆಸೆ ಕಟ್ಟಿಕೊಂಡಿದ್ದಳು.

ಅದಕ್ಕೆ ಮುಂಚೆ ಬಂದದ್ದು ಆಯುಧಪೂಜೆ. ಶೈಲಾಳ ತವರಿನಲ್ಲಿ ಆಯುಧಪೂಜೆ ಎಂದರೆ ಮೊದಲು ತೊಳೆಯುವುದು. ಕುಡುಗೋಲು, ಗುದ್ದಲಿ, ಈಳಿಗೆಮಣೆ, ಸೈಕಲ್ಲು, ಎಲ್ಲಕ್ಕೂ ನೀರು ಕಾಣಿಸಿ, ಉಜ್ಜಿ, ಒಣಗಿಸಿ, ಆಮೇಲೆ ವಿಭೂತಿ, ಕುಂಕುಮ, ಹೂವು. ನಾನು ಪೇಟೆಗೆ ಹೋಗಿ ಬೂದುಗುಂಬಳ ತರುವಷ್ಟರಲ್ಲಿ, ಶೈಲಾ ನನ್ನ ಆಯುಧ ಯಾವುದೆಂದು ಯೋಚಿಸಿ, ಕೀಬೋರ್ಡನ್ನು ಬಿಚ್ಚಿ ಹಿತ್ತಲ ನಲ್ಲಿಯ ಕೆಳಗೆ ಹಿಡಿದು, ಹಳೆಯ ಬ್ರಷ್ಷಿನಿಂದ ಸೋಪು ಹಾಕಿ ತಿಕ್ಕಿದ್ದಳು. ನಾನು ಬಂದಾಗ ಅದು ಕಟ್ಟೆಯ ಮೇಲೆ, ಈಳಿಗೆಮಣೆಯ ಪಕ್ಕ, ಮೂರು ಬೆರಳಿನ ವಿಭೂತಿ ಧರಿಸಿ ಬಿಸಿಲಿಗೆ ಮಲಗಿತ್ತು. ಅಷ್ಟು ಬೆಳ್ಳಗೆ ಅದನ್ನು ನಾನು ಎಂದೂ ಕಂಡಿರಲಿಲ್ಲ.

“ಎಷ್ಟು ಕೊಳೆ ಇತ್ರೀ ಅದ್ರಲ್ಲಿ! ಅರ್ಧ ಪ್ಯಾಕೆಟ್ ಚುರುಮುರಿ ಬಿತ್ತು” ಅಂದಳು.

ಹಬ್ಬ ಕಳೆದು ಜೋಡಿಸಿದರೆ ಕೀಬೋರ್ಡು ಸತ್ತಿತ್ತು. ಪೇಟೆಯಿಂದ ಹೊಸದು ತಂದೆ. ತೆಳ್ಳಗೆ, ಕಪ್ಪಗೆ, ಸದ್ದಿಲ್ಲದ್ದು. ಅದರ ಮುಂದೆ ಕೂತು, ಬೆರಳುಗಳನ್ನು ಇಟ್ಟು, ಬಗ್ಗಿ ನೋಡಿದೆ. ಬೆರಳುಗಳು ನನ್ನನ್ನು ನೋಡಿದವು. ಮಗಳ ಹೆಸರು ಹಾಕಿದೆ, ಶೈಲಾಳ ಹೆಸರು, ಊರಿನ ಹೆಸರು, ನನಗಿಷ್ಟವಾದ ದಾರ್ಶನಿಕರ ಹೆಸರುಗಳು. ಒಂದಕ್ಕೂ ಬಾಗಿಲು ತೆರೆಯಲಿಲ್ಲ. ನನ್ನ ಬೆರಳಿಗೆ ಗೊತ್ತಿದ್ದದ್ದು ಪಾಸ್‌ವರ್ಡ್ ಅಲ್ಲ, ಆ ಹಳೆಯ ಕೀಬೋರ್ಡಿನ ಏರುತಗ್ಗು ಎಂದು ಒಂದು ಸಿದ್ಧಾಂತ ಮಾಡಿಕೊಂಡೆ. ಸಿದ್ಧಾಂತ ಚೆನ್ನಾಗಿತ್ತು, ಆದರೆ ಶೈಲಾ ಒಗ್ಗರಣೆಗೆ ಎದ್ದು ಹೋಗಲಿಲ್ಲ. ಕೂತೇ ಇದ್ದಳು.

“ಹಂಗಾದ್ರೆ ಅಪ್ಪಂದು?” ಅಂದಳು. ಅವತ್ತಿನಿಂದ ಅವಳು ಅದನ್ನು ಡಬ್ಬ ಎನ್ನಲಿಲ್ಲ.

ನಾಗರಾಜನಿಗೆ ಫೋನು ಮಾಡಿದರೆ, “ತಗೊಂಡು ಬನ್ನಿ ಭಾವ, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ” ಅಂದ. ಅವನಿಗೆ ಗೊತ್ತಿರುವುದು ಅದೊಂದೇ ಮದ್ದು; ರೋಗ ಹೋಗುತ್ತದೆ, ಜೊತೆಗೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. “ಒಂದನ್ನೂ ಮುಟ್ಟಬೇಡ, ನಾವು ಬರೋ ತನಕ ಸುಮ್ನಿರು” ಎಂದು ಶೈಲಾ ನನ್ನ ಕೈಯಿಂದ ಫೋನು ಕಸಿದು ಹೇಳಿದಳು, ಅವನು ಅಲ್ಲಿಂದಲೇ ಅಳಿಸಿಬಿಡುತ್ತಾನೇನೋ ಎಂಬಂತೆ.

ಬಸ್ಸಿನಲ್ಲಿ ಕಂಪ್ಯೂಟರು ನನ್ನ ತೊಡೆಯ ಮೇಲೆ, ಹೊಸ ಕೀಬೋರ್ಡು ಅವಳ ತೊಡೆಯ ಮೇಲೆ. ಶಿರಾಳಕೊಪ್ಪದಲ್ಲಿ ಇಳಿದು ಹತ್ತುವಾಗ ಕಂಡಕ್ಟರು, “ಏನ್ರೀ ಯಜಮಾನ್ರೆ, ಪೇಶೆಂಟಾ?” ಎಂದು ಕೇಳಿದರು.

“ಹೌದ್ರಿ” ಅಂದಳು ಶೈಲಾ, ನಗದೆ. ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟರು.

ಸೊರಬದಲ್ಲಿ ನಾಗರಾಜನ ಅಂಗಡಿ ಬಸ್‌ಸ್ಟ್ಯಾಂಡಿಗೆ ಮುಖ ಮಾಡಿದೆ. ಅಟ್ಟದ ಮೇಲೆ ಕೀಬೋರ್ಡುಗಳನ್ನು ಸೌದೆಯಂತೆ ಪೇರಿಸಿಟ್ಟಿದ್ದಾನೆ. ನನ್ನ ಸಿದ್ಧಾಂತ ಕೇಳಿ ಅವನು ಹುರುಪಿನಿಂದ ಹತ್ತಿ, ದುಂಡು ಪಿನ್ನಿನ ಹಳೆಯ ಕೀಬೋರ್ಡುಗಳನ್ನೆಲ್ಲ ಇಳಿಸಿದ. ಒಂದರಲ್ಲಿ ಜೇಡ ಮನೆ ಮಾಡಿತ್ತು. ನಾನು ಒಂದೊಂದರ ಮುಂದೂ ಕಣ್ಣು ಕಿರಿದಾಗಿಸಿ ಕೂತು ಕುಟ್ಟಿದೆ. ಆಗಲಿಲ್ಲ.

“ಡಿಸ್ಕ್ ಬಿಚ್ಚಿ ಬೇರೆ ಮಿಷಿನ್‌ಗೆ ಹಾಕಿ ನೋಡ್ಬೋದು. ಆದ್ರೆ ಇದು ಬಾಳ ಹಳೇದು ಶೈಲಕ್ಕ. ಈಗ್ಲೇ ಕಟಕಟ ಅಂತಿದೆ. ಅಲ್ಲಾಡಿಸಿದ್ರೆ ಮತ್ತೆ ತಿರುಗುತ್ತೋ ಇಲ್ವೋ ಹೇಳಕ್ಕೆ ಬರಲ್ಲ” ಅಂದ ನಾಗರಾಜ. ಆಮೇಲೆ ನನ್ನ ಕಡೆ ತಿರುಗಿ, “ಭಾವ, ನೀವು ಪಾಸ್‌ವರ್ಡ್ ಹಾಕಿದ್ದಾದ್ರೂ ಹೌದಾ?” ಎಂದು ಕೇಳಿದ. ಇದಕ್ಕೆ ಸಿಟ್ಟು ಬರಬೇಕಿತ್ತು. ನನಗೂ ಅದೇ ಸಂಶಯವಿದ್ದದ್ದರಿಂದ ಬರಲಿಲ್ಲ.

ಶೈಲಾ ಆ ಹಳೆಯವನ್ನೆಲ್ಲ ಪಕ್ಕಕ್ಕೆ ಸರಿಸಿ, ನಾವು ತಂದಿದ್ದ ಹೊಸ ಕೀಬೋರ್ಡನ್ನೇ ಜೋಡಿಸಲು ಹೇಳಿದಳು. ನಾಗರಾಜನ ಚಹಾ ಲೋಟವನ್ನು ಎತ್ತಿ ನನ್ನ ಎಡಗಡೆ ಇಟ್ಟಳು. ಕಂಪ್ಯೂಟರು ಗೊರಗೊರ ಎಂದಿತು. ನಾನು ಬೆರಳಿಟ್ಟು ಬಗ್ಗಿದೆ.

“ಅಯ್ಯೋ, ಅಲ್ನೋಡ್ರಿ! ಉಳವಿ ಬಸ್ಸಲ್ಲಿ ಅಣ್ಣ ಇಳೀತಿದಾನೆ!” ಎಂದಳು ತಟ್ಟನೆ.

ತಿರುಗಿ ನೋಡಿದೆ. ಉಳವಿ ಬಸ್ಸು ಇರಲಿಲ್ಲ, ಅವಳ ಅಣ್ಣನೂ ಇರಲಿಲ್ಲ. ಒಬ್ಬರು ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ನಿಂತಿದ್ದರು, ಕೋಳಿ ಕತ್ತು ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ಎಲ್ಲಿ, ಯಾರು ಎಂದು ನಾನು ಕೇಳುತ್ತಿರುವಾಗಲೇ ಬೆನ್ನ ಹಿಂದೆ, ದಿನಾ ಬೆಳಿಗ್ಗೆ ಕೇಳುವ ಆ ಸಣ್ಣ ಸಂಗೀತ ಕೇಳಿಸಿತು. ಬೆರಳುಗಳು ಕೆಲಸ ಮುಗಿಸಿದ್ದವು. ನನ್ನ ಸಿದ್ಧಾಂತ ಜೇಡದ ಜೊತೆ ಅಟ್ಟಕ್ಕೆ ಹೋಯಿತು.

“ದಿನಾ ನೋಡ್ತೀನಲ್ಲ, ನೀವು ಕಿಟಕಿ ಕಡೆ ನೋಡಿದ್ರೇ ಅದು ತೆಗೆಯೋದು” ಅಂದಳು ಶೈಲಾ. ಆಮೇಲೆ, “ಹಾಕ್ರಿ ಬೇಗ” ಅಂದಳು.

ವಿಡಿಯೊ ಶುರುವಾಯಿತು. ಕೆರೆ ಏರಿ, ಬಿಸಿಲು, ಪುಟ್ಟ ಸೈಕಲ್ಲಿನ ಮೇಲೆ ಓಲಾಡುವ ಮಗಳು. ಪಕ್ಕದಲ್ಲಿ ಓಡುತ್ತ ಮಾವ, ‘ಹೂಂ’ ಬಿಟ್ಟು ಬೇರೆ ಮಾತಾಡದ ಮಾವ, ದೊಡ್ಡ ದನಿಯಲ್ಲಿ ಕೂಗುತ್ತಿದ್ದರು: “ಹ್ಯಾಂಡಲ್ ನೋಡ್ಬೇಡ ಮಾರಾಯ್ತಿ! ದಾರಿ ನೋಡು, ದಾರಿ!” ಶೈಲಾ ಸೆರಗು ಬಾಯಿಗಿಟ್ಟುಕೊಂಡಳು. ಸೈಕಲ್ಲಿನ ಹಿಂದೆ ಇನ್ನೊಬ್ಬ ಮನುಷ್ಯ ಲುಂಗಿ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಸೀಟು ಹಿಡಿದು, ಏದುಸಿರು ಬಿಡುತ್ತ ಓಡಿಬರುತ್ತಿದ್ದ.

“ಭಾವ, ಅದು ನೀವಲ್ವಾ?” ಅಂದ ನಾಗರಾಜ.

ನಾನೇ. ಬೆವರಿಗೆ ಅಂಟುತ್ತಿದ್ದ ಪಟ್ಟಿ, ಕಣ್ಣಿಗೆ ಹೊಡೆದ ಬಿಸಿಲು, ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ಕ್ಯಾಮೆರಾ ಹಿಡಿದಿದ್ದ ನಾನು ಕ್ಯಾಮೆರಾದ ಮುಂದೆ ಓಡುತ್ತಿದ್ದೆ. ಹಾಗಾದರೆ ಹಿಡಿದವರು ಯಾರು? ಕೊನೆಯಲ್ಲಿ ಚಿತ್ರ ಗಡಗಡ ಅಲ್ಲಾಡಿ, ಆಕಾಶ ತೋರಿಸಿ, ಹಿಂದಿನಿಂದ ಒಂದು ನಗು ಕೇಳಿಸಿತು. ಮನೆಯೊಳಗೆ ಕಡುಬು ಬೇಯಿಸುತ್ತಿದ್ದವಳ ನಗು. ಶೈಲಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಷ್ಟು ವರ್ಷ ನಾವಿಬ್ಬರೂ ಕಥೆ ಹೇಳುತ್ತ ಹೇಳುತ್ತ, ನಾಗರಾಜನ ಹಾಗೆ, ಒಂದೊಂದೇ ಭಾಗ ಬದಲಿಸಿ ಜೋಡಿಸುತ್ತ ಬಂದಿದ್ದೆವು. ಹೊಸ ಭಾಗಗಳೆಲ್ಲ ಚೆನ್ನಾಗಿಯೇ ಕೂತಿದ್ದವು. ಮೊದಲಿನಿಂದ ಉಳಿದದ್ದು ಮಾವ ಒಬ್ಬರೇ.

“ಇನ್ನೊಂದ್ಸಲ ಹಾಕ್ರಿ” ಅಂದಳು. ಹಾಕಿದೆ. ಆಮೇಲೆ ಇನ್ನೂ ಒಂದು ಸಲ.

ನಾಗರಾಜ ಅದನ್ನು ಎರಡು ಪೆನ್‌ಡ್ರೈವಿಗೂ ಅವಳ ಫೋನಿಗೂ ಹಾಕಿಕೊಟ್ಟ. ಕಂಪ್ಯೂಟರನ್ನು ಚೀಲಕ್ಕೆ ಇಳಿಸುವಾಗ ಅವನ ಮುಖ ಅರಳಿತು. “ಭಾವ, ನೀವು ಆ ಕಡೆ ನೋಡ್ತಿರ್ಬೇಕಾದ್ರೆ ನಾನು ಬೆರಳು ನೋಡ್ಕಂಡೆ. ಪಾಸ್‌ವರ್ಡ್ ಎಂತ ಅಂತ ಗೊತ್ತಾಯ್ತು. ಹೇಳ್ಲಾ?”

ಕೇಳುವ ಆಸೆ ಯಾರಿಗಿಲ್ಲ? ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶೈಲಾ ಕೀಬೋರ್ಡನ್ನು ಸೆರಗಿನಲ್ಲಿ ಒರೆಸುತ್ತ, ಈ ಸಲ ಒಣಬಟ್ಟೆಯಲ್ಲೇ ಒರೆಸುತ್ತ, ಹೇಳಿದಳು:

“ಬೇಡ ನಾಗ, ಸುಮ್ನಿರು. ಗೊತ್ತಾದ್ರೆ ಮರ್ತುಬಿಡ್ತಾರೆ.”